ನಾಯಿ ಕರ್ಕೊಂಡು ಹಳೇ ಕಾಫಿ ತೋಟಕ್ಕೆ: ದೊರೆ ಬಂಗ್ಲೆನಾ, ತೊಟ್ಟಿ ಮನೆನಾ, ಔಟ್‌ಹೌಸಾ?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಯಾವ್ದಾದ್ರೂ ಹಳೇ ಎಸ್ಟೇಟ್ ಮನೆಲಿ ಎರಡು ದಿನ ಇದ್ದು ಬರೋಣ, ನಾಯಿನೂ ಕರ್ಕೊಂಡು ಹೋಗೋಣ ಅನ್ನೋರು ಫೋನ್ ಮಾಡಿ ಮೊದ್ಲು ಕೇಳೋದು 'ಪೆಟ್ ಫ್ರೆಂಡ್ಲಿನಾ?' ಅಂತ. ಆ ಕಡೆಯಿಂದ 'ಏನ್ ತೊಂದ್ರೆ ಇಲ್ಲ, ಬನ್ನಿ' ಅಂತಾರೆ, ಅಡ್ವಾನ್ಸ್ ಹಾಕಿ ಬುಕ್ ಮಾಡ್ಬಿಡ್ತೀವಿ. ಆದ್ರೆ ಒಂದು ಕಡೆ ತೊಂದ್ರೆ ಇಲ್ಲ ಅಂದ್ರೆ ನಾಯಿ ನಿಮ್ಮ ಮಂಚದ ಪಕ್ಕನೇ ಮಲಗಬಹುದು ಅಂತ ಅರ್ಥ, ಇನ್ನೊಂದು ಕಡೆ ಹಿಂದ್ಗಡೆ ಗೋಡೌನ್ ಪಕ್ಕ ಒಂದು ಗೂಡಿದೆ ರಾತ್ರಿ ಅಲ್ಲಿ ಕಟ್ಟಿ ಅಂತ ಅರ್ಥ, ಇದು ಗೊತ್ತಾಗೋದು ಸಂಜೆ ಏಳು ಗಂಟೆಗೆ ಬ್ಯಾಗ್ ಇಳಿಸಿದ ಮೇಲೆ. ಮಲೆನಾಡಲ್ಲಿ ರಾತ್ರಿ ನಾಯಿನ ಹೊರಗೆ ಕಟ್ಟೋದು ಅಂದ್ರೆ ಚಿರತೆಗೆ ಕರೆದು ಕೊಟ್ಟ ಹಾಗೆ, ಇಲ್ಲಿ ತೋಟದ ಮನೆಯವ್ರನ್ನ ಯಾರನ್ನ ಕೇಳಿದ್ರೂ ಹೋದ ನಾಯಿಗಳ ಲೆಕ್ಕ ಹೇಳ್ತಾರೆ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ತೀನಿ. ಮನೆ ಎಷ್ಟು ಹಳೇದು, ಫೋಟೋಲಿ ಎಷ್ಟು ಚೆನ್ನಾಗಿ ಕಾಣುತ್ತೆ ಅನ್ನೋದು ಆಮೇಲೆ ನೋಡಿ, ಮೊದ್ಲು ತೋಟದ ಯಜಮಾನ್ರು ಅದೇ ಕಾಂಪೌಂಡಲ್ಲಿ ವಾಸ ಇದಾರಾ, ಅವರೂ ನಾಯಿ ಸಾಕಿದಾರಾ ಅಂತ ಕೇಳಿ. ಈ ಎರಡಕ್ಕೂ ಹೌದು ಅನ್ನೋ ಉತ್ತರ ಬಂದ್ರೆ ಅರ್ಧ ತಲೆನೋವು ಕಮ್ಮಿ ಆಯ್ತು.

ದೊರೆ ಬಂಗ್ಲೆ

ಬಾಬಾ ಬುಡನ್ ಯೆಮನ್ ಕಡೆಯಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ್ರು ಅನ್ನೋ ಪ್ರತೀತಿ 17ನೇ ಶತಮಾನದ್ದು, ಆದ್ರೆ ದೊಡ್ಡ ದೊಡ್ಡ ಎಸ್ಟೇಟು, ಅದ್ರ ನಡುವೆ ಬಂಗ್ಲೆ ಅಂತ ಬಂದಿದ್ದು 1840ರ ದಶಕದಿಂದ ಈಚೆಗೆ, ಇಂಗ್ಲಿಷ್ ದೊರೆಗಳು ಇಲ್ಲಿ ತೋಟ ಮಾಡಕ್ಕೆ ಶುರು ಮಾಡಿದ ಮೇಲೆ. ಅದಕ್ಕೇ ಊರೋರು ಈಗ್ಲೂ ಅವನ್ನ ದೊರೆ ಬಂಗ್ಲೆ ಅಂತಾನೇ ಕರೆಯೋದು. ಉದ್ದಕ್ಕೆ ಜಗಲಿ, ಮಂಗಳೂರು ಹಂಚು, ರೆಡ್ ಆಕ್ಸೈಡ್ ನೆಲ, ಬೀಟೆ ಮರದ ಕುರ್ಚಿ ಮಂಚ, ಚಳಿ ಕಾಯಿಸ್ಕೊಳಕ್ಕೆ ಗೋಡೆಲಿ ಬೆಂಕಿ ಗೂಡು, ಮುಂದೆ ಅಗಲವಾದ ಹುಲ್ಲಿನ ಅಂಗಳ. ನೋಡಕ್ಕೆ ಎರಡು ಕಣ್ಣು ಸಾಲಲ್ಲ.

ನಾಯಿ ಕಡೆಯಿಂದ ನೋಡಿದ್ರೆ ಒಳ್ಳೇದು ಏನಂದ್ರೆ ರೂಮು ದೊಡ್ಡದು, ಸುಮಾರು ಕಡೆ ರೂಮಿನ ಬಾಗಿಲು ನೇರ ಜಗಲಿಗೇ ಬಿಡುತ್ತೆ, ಬೇರೆ ಗೆಸ್ಟುಗಳ ನಡುವೆ ಹಾದು ಹೋಗ್ಬೇಕಾಗಿಲ್ಲ, ರಾತ್ರಿ ವಾಚ್‌ಮನ್ ಇರ್ತಾರೆ. ಕಷ್ಟ ಎಲ್ಲಿ ಅಂದ್ರೆ ನೆಲದಲ್ಲಿ. ನೂರು ವರ್ಷ ಒರೆಸಿ ಒರೆಸಿ ಕನ್ನಡಿ ತರ ಆಗಿರೋ ರೆಡ್ ಆಕ್ಸೈಡ್ ಮೇಲೆ ವಯಸ್ಸಾದ ಲ್ಯಾಬ್ರಡಾರ್ ನಡೆಯೋದು ನೋಡಿದೀರಾ, ಹಿಂದಿನ ಕಾಲು ಎರಡೂ ಆಚೆ ಈಚೆ ಜಾರಿ ಹೋಗಿ ಮತ್ತೆ ಎದ್ದು ನಿಲ್ಲಕ್ಕೆ ಒದ್ದಾಡುತ್ತೆ, ಸೊಂಟದ ಕೀಲು ನೋವಿರೋ ನಾಯಿಗೆ ಎರಡು ದಿನ ಇದು ಹಿಂಸೆ. ಮನೆಯಿಂದ ಒಂದು ರಬ್ಬರ್ ಮ್ಯಾಟೋ ಹಳೇ ಜಮಖಾನನೋ ತಗೊಂಡು ಹೋಗಿ ಮಂಚದಿಂದ ಬಾಗಿಲ ತನಕ ಹಾಸಿದ್ರೆ ಸಾಕು.

ಇನ್ನೊಂದು, ಇಂಥ ಬಂಗ್ಲೆಗಳು ಸುಮಾರು ಈಗ ಕಂಪನಿಗಳ ಕೈಲೋ ಮ್ಯಾನೇಜರ್ ಕೈಲೋ ಇವೆ, ಯಜಮಾನ್ರು ಬೆಂಗ್ಳೂರಲ್ಲಿ ಇರ್ತಾರೆ. ಫೋನಲ್ಲಿ ಒಬ್ರು ಹ್ಞೂಂ ಅಂದಿರ್ತಾರೆ, ಅಲ್ಲಿ ಡ್ಯೂಟಿಲಿರೋರಿಗೆ ವಿಷಯನೇ ಗೊತ್ತಿರಲ್ಲ. ಡೈನಿಂಗ್ ಹಾಲಿಗೆ ನಾಯಿ ಬಿಡಲ್ಲ, ಹಾಗಾದ್ರೆ ನೀವು ಊಟ ಮಾಡೋ ಹೊತ್ತಲ್ಲಿ ನಾಯಿ ಎಲ್ಲಿರ್ಬೇಕು? ಗೊತ್ತಿಲ್ಲದ ರೂಮಲ್ಲಿ ಒಂಟಿಯಾಗಿ ಬಿಟ್ರೆ ಬಾಗಿಲು ಕೆರೆಯೋ ನಾಯಿನೇ ಜಾಸ್ತಿ, ಆ ಬಾಗಿಲು ಹಳೇ ತೇಗದ್ದು ಬೇರೆ. ಊಟ ಜಗಲಿಗೆ ತಂದ್ಕೊಡ್ತಾರಾ ಅಂತ ಮೊದ್ಲೇ ಕೇಳಿ, ವಾಟ್ಸಾಪಲ್ಲಿ ಬರೆಸ್ಕೊಳಿ. ನಾಯಿಗೆ ಬೇರೆ ಚಾರ್ಜ್ ಇದ್ಯಾ, ಡೆಪಾಸಿಟ್ ಇದ್ಯಾ ಅನ್ನೋದೂ ಅದೇ ಮೆಸೇಜಲ್ಲಿ ಬರ್ಲಿ.

ಶಾಂತ ಸ್ವಭಾವದ, ಹೊಸ ಜಾಗದಲ್ಲಿ ಗಲಾಟೆ ಮಾಡದ ನಾಯಿ, ಜೊತೆಗೆ ಖರ್ಚಿಗೆ ಹಿಂದೆ ಮುಂದೆ ನೋಡದೋರು ಅಂದ್ರೆ ಬಂಗ್ಲೆ ಸರಿ.

ತೊಟ್ಟಿ ಮನೆ ಹೋಮ್‌ಸ್ಟೇ

ನನ್ನ ಓಟು ಇದಕ್ಕೇ. ಮಲೆನಾಡಿನ ಹಳೇ ಕುಟುಂಬಗಳ ಮನೆ, ನಡುವೆ ತೊಟ್ಟಿ, ಸುತ್ತ ಜಗಲಿ, ಮೇಲೆ ಅಟ್ಟ, ಮುಂಬಾಗಿಲು ಒಂದೇ. ಆ ಒಂದೇ ಬಾಗಿಲು ಅನ್ನೋದು ನಾಯಿ ಇರೋರಿಗೆ ದೊಡ್ಡ ನೆಮ್ಮದಿ, ಕದ ಹಾಕಿ ಅಗುಳಿ ತಳ್ಳಿದ್ರೆ ನಾಯಿ ಒಳಗೇ ಆರಾಮಾಗಿ ಓಡಾಡ್ಕೊಂಡಿರುತ್ತೆ, ತೊಟ್ಟಿ ಮೇಲ್ಗಡೆ ಈಗ ಸುಮಾರು ಮನೆಲಿ ಗ್ರಿಲ್ ಹಾಕ್ಸಿರ್ತಾರೆ, ಇಲ್ಲದಿದ್ರೆ ರೂಮಲ್ಲೇ ಮಲಗಿಸ್ಕೊಳಿ.

ಇಲ್ಲಿ ನಿಯಮ ಬೋರ್ಡಲ್ಲಿ ಬರೆದಿರಲ್ಲ, ಮನೆ ಅಮ್ಮಾವ್ರ ಬಾಯಲ್ಲಿ ಇರುತ್ತೆ. ಬಾಳೆಹೊನ್ನೂರು ಕಡೆ ಒಂದು ಮನೆಲಿ ನಮ್ಮ ನಾಯಿ ಚುಕ್ಕಿನ ಕರ್ಕೊಂಡು ಒಳಗೆ ಕಾಲಿಟ್ಟಾಗ ಅಲ್ಲಿನ ಅಮ್ಮಾವ್ರು ರೊಟ್ಟಿ ಹಿಟ್ಟಿನ ಕೈಲೇ ಬಂದು ಹೇಳಿದ್ದು ಇಷ್ಟೇ, 'ಎಲ್ಲಾ ಕಡೆ ಓಡಾಡ್ಲಿ ಪುಟ್ಟ, ದೇವ್ರ ಮನೆ ಹೊಸ್ಲು, ಅಡುಗೆ ಮನೆ ಹೊಸ್ಲು ಎರಡು ದಾಟ್ಬಾರ್ದು, ಕೋಳಿ ಹಿಂದೆ ಬೀಳ್ಬಾರ್ದು.' ಇಷ್ಟು ಸ್ಪಷ್ಟವಾಗಿ ಯಾವ ವೆಬ್‌ಸೈಟೂ ಹೇಳಿಲ್ಲ ನಂಗೆ. ಚುಕ್ಕಿ ಆ ಎರಡು ಹೊಸ್ಲ ಮುಂದೆ ಬಂದು ಮೂಗು ಚಾಚ್ಕೊಂಡು ಮಲ್ಗೋಳು, ಒಳಗಿಂದ ಒಂದೊಂದು ತುಂಡು ಅಕ್ಕಿ ರೊಟ್ಟಿ ಬರ್ತಿತ್ತು.

ಊಟದ ವಿಷಯಕ್ಕೂ ಇದೇ ಸಲೀಸು, ನಾಯಿಗೆ ಉಪ್ಪು ಖಾರ ಹಾಕದೆ ಒಂದಿಷ್ಟು ಅನ್ನ ಕೋಳಿ ಬೇಯಿಸ್ಕೊಡಿ ಅಂದ್ರೆ ಯಾರೂ ಇಲ್ಲ ಅನ್ನಲ್ಲ. ಪ್ರೀತಿಗೆ ಅಂತ ಹಂದಿ ಸಾರಿನ ಮೂಳೆ, ಈರುಳ್ಳಿ ಹಾಕಿದ ಪಲ್ಯ ಎಲ್ಲಾ ತಟ್ಟೆಗೆ ಬೀಳ್ಬೋದು, ಅದನ್ನ ಮಾತ್ರ ನಯವಾಗಿ ಬೇಡ ಅನ್ನಿ, ಬೇಯಿಸಿದ ಮೂಳೆ ಚೂರಾಗಿ ಹೊಟ್ಟೆಲಿ ಚುಚ್ಚುತ್ತೆ, ಈರುಳ್ಳಿ ಬೆಳ್ಳುಳ್ಳಿ ನಾಯಿ ರಕ್ತಕ್ಕೆ ಆಗಲ್ಲ.

ಇಲ್ಲಿ ಒಂದೇ ಒಂದು ದೊಡ್ಡ ಸವಾಲು, ಮನೆ ನಾಯಿಗಳು. ತೋಟದ ಮನೆಲಿ ಒಂದು ನಾಯಿ ಅನ್ನೋದೇ ಇಲ್ಲ, ಮೂರೋ ನಾಲ್ಕೋ ಇರ್ತವೆ, ಗೇಟಿಗೆ ಯಾವ ಕಾರ್ ಬಂದ್ರೂ ಓಡಿ ಬರ್ತವೆ, ಅದು ಅವುಗಳ ಕೆಲಸ. ನಿಮ್ಮ ನಾಯಿ ಕಾರಿನ ಕಿಟಕಿಯಿಂದ ಬೊಗಳ್ತಾ ನೇರ ಅಂಗಳಕ್ಕೇ ಇಳಿದ್ರೆ ಜಗಳ ಗ್ಯಾರಂಟಿ. ಮುಂಚೆನೇ ಫೋನ್ ಮಾಡಿ ಮನೆ ನಾಯಿಗಳನ್ನ ಕಟ್ಟಕ್ಕೆ ಹೇಳಿ, ಕಾರ್ ಗೇಟಿಂದ ಆಚೆ ನಿಲ್ಸಿ, ನಿಮ್ಮ ನಾಯಿನ ಬೆಲ್ಟ್ ಹಾಕಿ ಇಳಿಸಿ ಮೊದ್ಲು ಮೂತ್ರ ಮಾಡಿಸಿ, ಆಮೇಲೆ ಮನೆ ನಾಯಿಗಳಲ್ಲಿ ಸಾಧು ಇರೋದನ್ನ ಒಂದನ್ನ ಹೊರಗೆ ಕರ್ಸಿ ಎರಡನ್ನೂ ಅಕ್ಕಪಕ್ಕ ಸ್ವಲ್ಪ ದೂರ ಇಟ್ಕೊಂಡು ರಸ್ತೆ ಮೇಲೆ ಒಂದು ಹತ್ತು ನಿಮಿಷ ನಡೆಸಿ, ಎದುರು ಬದುರು ನಿಲ್ಲಿಸೋದು ಬೇಡ. ಜೊತೆಲಿ ನಡ್ಕೊಂಡು ಗೇಟ್ ಒಳಗೆ ಬಂದ ನಾಯಿನ ಉಳಿದವು ಅಷ್ಟಾಗಿ ಹೊರಗಿನೋನು ಅಂತ ನೋಡಲ್ಲ. ಬೇರೆ ನಾಯಿ ಕಂಡ್ರೆ ಆಗೋದೇ ಇಲ್ಲ ಅನ್ನೋ ನಾಯಿ ಆದ್ರೆ ತೊಟ್ಟಿ ಮನೆ ಬೇಡ, ಮುಂದಿನದು ಓದಿ.

ತೋಟದೊಳಗಿನ ಔಟ್‌ಹೌಸ್

ಹಿಂದೆ ರೈಟರ್ (ತೋಟದ ಲೆಕ್ಕ ಬರೆಯೋರು) ಮನೆ ಆಗಿದ್ದನ್ನ ರಿಪೇರಿ ಮಾಡಿರ್ತಾರೆ, ಇಲ್ಲ ಹೊಸದಾಗಿ ಹಳೇ ಮನೆ ಶೈಲಿಲೇ ಕಟ್ಟಿರ್ತಾರೆ. ಜನ ಇಲ್ಲ, ಬೇರೆ ನಾಯಿ ಇಲ್ಲ, ಕೇಳಕ್ಕೆ ಸ್ವರ್ಗ. ಆದ್ರೆ ದೊಡ್ಡ ಮನೆಯಿಂದ ಎಷ್ಟು ದೂರ, ಸುತ್ತ ಬೇಲಿ ಇದ್ಯಾ, ಫೋನ್ ಸಿಗ್ನಲ್ ಬರುತ್ತಾ ಅಂತ ಕೇಳ್ದೆ ಬುಕ್ ಮಾಡ್ಬೇಡಿ. ರಾತ್ರಿ ಹತ್ತಕ್ಕೆ ನಾಯಿ ಹೊರಗೆ ಹೋಗ್ಲೇಬೇಕು ಅಂತ ಕುಂಯ್‌ಗುಡುತ್ತೆ, ನೀವು ಬಾಗಿಲು ತೆಗೆದ್ರೆ ಎದುರಿಗೆ ಸಿಲ್ವರ್ ಓಕು, ಮೆಣಸಿನ ಬಳ್ಳಿ, ಕತ್ತಲು, ಅಷ್ಟೇ. ಬೆಲ್ಟ್ ಇಲ್ದೆ ಬಿಡೋ ಮಾತೇ ಇಲ್ಲ, ಒಳ್ಳೆ ಟಾರ್ಚ್ ಹಿಡ್ದು ಬಾಗಿಲಿಂದ ನಾಲ್ಕು ಹೆಜ್ಜೆಲಿ ಮುಗಿಸ್ಕೊಂಡು ಒಳಗೆ ಬನ್ನಿ. ದೊಡ್ಡ ಮನೆ ಕಣ್ಣಿಗೆ ಕಾಣೋಷ್ಟು ಹತ್ರ ಇರೋ ಔಟ್‌ಹೌಸ್ ಆದ್ರೆ ಹ್ಞೂಂ ಅನ್ನಿ, ತೋಟದ ಕೊನೇಲಿ, ಕಾಡಿನ ಅಂಚಲ್ಲಿ ಅಂತ ಫೋಟೋ ಹಾಕಿರೋದು ನಾಯಿ ಇಲ್ಲದೋರಿಗೆ ಬಿಡಿ.

ಊರಲ್ಲಿ ಉಳ್ಕೊಂಡು ಹಗಲು ತೋಟ ನೋಡೋದು

ವಯಸ್ಸಾದ ನಾಯಿ, ಔಷಧಿ ನಡೀತಿರೋ ನಾಯಿ, ಪಗ್ ಶಿಟ್ಜು ತರ ಮೂಗು ಚಪ್ಪಟೆ ಇರೋವು, ಇವಕ್ಕೆ ಹಾಸನದಲ್ಲೋ ಚಿಕ್ಕಮಗಳೂರು ಪೇಟೆಲೋ ಉಳ್ಕೊಂಡು ಬೆಳಿಗ್ಗೆ ತೋಟಕ್ಕೆ ಹೋಗಿ ಸಂಜೆ ಒಳಗೆ ವಾಪಸ್ ಬರೋದೇ ವಾಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಏನಾದ್ರೂ ಆದ್ರೆ ಅಲ್ಲಿಗೆ ಓಡಬಹುದು ಅನ್ನೋದು ಸಣ್ಣ ಧೈರ್ಯ ಅಲ್ಲ. ಬೇಲೂರು ಹಳೇಬೀಡು ಕೂಡ ನೋಡ್ಬೇಕು ಅಂದ್ಕೊಂಡಿದ್ರೆ ಮಾತ್ರ ಒಂದು ವಿಷಯ: ದೇವಸ್ಥಾನ ಅನ್ನೋದು ಒಂದು ಕಡೆ ಇರ್ಲಿ, ಕೇಂದ್ರ ಪುರಾತತ್ವ ಇಲಾಖೆ ಸ್ಮಾರಕಗಳ ಒಳಗೆ ಪ್ರಾಣಿ ತರೋ ಹಾಗಿಲ್ಲ ಅನ್ನೋದು 1959ರ ನಿಯಮದಲ್ಲೇ ಇದೆ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಇಬ್ರಿದ್ರೆ ಒಬ್ರು ಹೊರಗೆ ನೆರಳಲ್ಲಿ ನಾಯಿ ಜೊತೆ ಕೂತ್ಕೊಳಿ, ಇನ್ನೊಬ್ರು ನೋಡ್ಕೊಂಡು ಬರ್ಲಿ, ಆಮೇಲೆ ಅದ್ಲು ಬದ್ಲು. ಕಾರಲ್ಲಿ ಗ್ಲಾಸ್ ಸ್ವಲ್ಪ ಇಳಿಸಿ ನಾಯಿ ಬಿಟ್ಟು ಹೋಗ್ತೀವಿ ಅಂದ್ರೆ ದಯವಿಟ್ಟು ಬೇಡ, ಪಾರ್ಕಿಂಗ್ ಬಿಸಿಲಲ್ಲಿ ಕಾರಿನ ಒಳಗೆ ಕೆಲವೇ ನಿಮಿಷಕ್ಕೆ ಜೀವಕ್ಕೆ ಬರುತ್ತೆ. 1117ರ ಚೆನ್ನಕೇಶವ ಗುಡಿನ ಗಡಿಬಿಡಿಲಿ ನೋಡೋದೂ ಒಂದು ಅನ್ಯಾಯನೇ, ಹಾಗಾಗಿ ಗುಡಿ ನೋಡೋದೇ ಮುಖ್ಯ ಅಂದ್ರೆ ಆ ಸಲ ನಾಯಿನ ನಂಬಿಕಸ್ತರ ಮನೆಲಿ ಬಿಟ್ಟು ಬನ್ನಿ.

ಸಕಲೇಶಪುರದ ಮಂಜರಾಬಾದ್ ಕೋಟೆ, ಟಿಪ್ಪು 1792ರಲ್ಲಿ ಕಟ್ಸಿದ್ದು, ಎಂಟು ಮೂಲೆ ನಕ್ಷತ್ರದ ಆಕಾರ, ಅಲ್ಲೂ ಹೀಗೇ ಸರದಿ ಮೇಲೆ ನೋಡಿ. ಹಾಸನದ ಹತ್ರ ಶೆಟ್ಟಿಹಳ್ಳಿ ಪಾಳು ಚರ್ಚ್ ಕಡೆ ಹೇಮಾವತಿ ಹಿನ್ನೀರು ಇಳಿದಿದ್ದಾಗ ದಂಡೆ ಮೇಲೆ ನಾಯಿ ಜೊತೆ ಒಳ್ಳೆ ವಾಕ್ ಆಗುತ್ತೆ, ಬಾಟ್ಲಿ ಚೂರು ನೋಡ್ಕೊಂಡು ನಡೀರಿ, ಚರ್ಚ್ ಗೋಡೆ ಒಳಗೆ ಬೇಡ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಅಲ್ಲಿನ ಟ್ರೆಕ್ ಇವಕ್ಕೆಲ್ಲ ನಾಯಿ ಅನ್ನೋ ಪ್ರಶ್ನೆನೇ ಇಲ್ಲ, ಸಾಕು ನಾಯಿಯಿಂದ ಕಾಡು ಪ್ರಾಣಿಗೆ ರೋಗ ದಾಟುತ್ತೆ.

ಯಾವ ತಿಂಗಳು

ನವೆಂಬರ್‌ನಿಂದ ಜನವರಿ ಅರೇಬಿಕಾ ಕುಯ್ಲು, ರೋಬಸ್ಟಾ ಅದ್ರ ಬೆನ್ನಿಗೇ. ತೋಟ ನೋಡಕ್ಕೆ ಚೆಂದದ ಕಾಲ, ನಾಯಿಗೆ ಅಷ್ಟಕ್ಕಷ್ಟೇ. ಟ್ರ್ಯಾಕ್ಟರ್ ಓಡಾಟ, ಲೈನ್ ಮನೆ (ಕೂಲಿಯವ್ರ ಸಾಲು ಮನೆ) ಮಕ್ಳು, ಕುಯ್ಲಿನ ಹೆಂಗಸ್ರು ಚೀಲ ಹೊತ್ಕೊಂಡು ಬರ್ತಿರ್ತಾರೆ, ಅವ್ರಲ್ಲಿ ಸುಮಾರು ಜನಕ್ಕೆ ನಿಮ್ಮ ಜರ್ಮನ್ ಶೆಪರ್ಡ್ ಕಂಡ್ರೆ ಭಯ. ಅದು ಅವ್ರು ಕೆಲಸ ಮಾಡೋ ಜಾಗ, ಅಲ್ಲಿ ನಾಯಿ ಪಕ್ಕಕ್ಕೆ ಸರಿಬೇಕು. ಮತ್ತೆ ಕಣ. ಸಿಮೆಂಟ್ ಕಣದಲ್ಲಿ ವರ್ಷದ ದುಡಿಮೆ ಪೂರ್ತಿ ಒಣಗ್ತಾ ಇರುತ್ತೆ, ಅಲ್ಲಿ ನಾಯಿ ಹತ್ತಿ ಕಾಲೆತ್ತಿದ್ರೆ ಯಜಮಾನ್ರು ಏನೂ ಅನ್ನದಿದ್ರೂ ಮುಂದಿನ ಸಲ ನಾಯಿ ಇರೋರಿಗೆ ಬಾಗಿಲು ಮುಚ್ಚುತ್ತೆ.

ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಆಗುತ್ತೆ, ಘಮ ಅಂದ್ರೆ ಘಮ, ಆದ್ರೆ ಜೇನು ಜಾಸ್ತಿ, ಹೆಜ್ಜೇನು ಕಟ್ಟಿರೋ ಮರದ ಕೆಳಗೆ ನಾಯಿ ಬೊಗಳದ ಹಾಗೆ ನೋಡ್ಕೊಳಿ. ಮೇ ಜೂನಲ್ಲಿ ಗಿಡಕ್ಕೆ ಬೋರ್ಡೋ ಅನ್ನೋ ಔಷಧಿ ಹೊಡೀತಾರೆ, ಮೈಲುತುತ್ತ ಸುಣ್ಣ ಕಲೆಸಿದ ಡ್ರಮ್ಮು ಅಲ್ಲಲ್ಲಿ ಇರುತ್ತೆ, ಅದ್ರ ನೀರು ಕುಡಿದ್ರೆ ವಿಷ. ಜೂನಿಂದ ಸೆಪ್ಟೆಂಬರ್ ಮಳೆ, ಉಂಬ್ಳ (ಜಿಗಣೆ). ಕಾಲಿಗೆ ಹತ್ತಿದ್ದು ಕಿತ್ತಾಕಬಹುದು, ಆದ್ರೆ ಹಳ್ಳದ ನೀರು ಕುಡಿವಾಗ ಮೂಗಿನೊಳಗೆ ಹೊಕ್ಕಿದ್ರೆ ಮೂಗಿಂದ ರಕ್ತ, ಸೀನು ನಿಲ್ಲಲ್ಲ, ಅದಕ್ಕೆ ಡಾಕ್ಟ್ರೇ ಬೇಕು, ಮೂಗಿಗೆ ಉಪ್ಪು ಹಾಕಕ್ಕೆ ಹೋಗ್ಬೇಡಿ. ಇಲಿ ಜ್ವರದ ಲಸಿಕೆ ಸೇರಿರೋ ಇಂಜೆಕ್ಷನ್ ಆಗಿದ್ಯಾ ಅಂತ ಮಳೆಗಾಲಕ್ಕೆ ಮುಂಚೆ ಪುಸ್ತಕ ತೆಗೆದು ನೋಡಿ. ನನ್ನ ಪ್ರಕಾರ ಒಳ್ಳೆ ಸಮಯ ಫೆಬ್ರವರಿ ಕೊನೆ, ಇಲ್ಲ ಅಕ್ಟೋಬರ್ ಕೊನೆ.

ತೋಟದೊಳಗೆ ಕಣ್ಣಿಡಬೇಕಾದ್ದು

ಹಣ್ಣು ಕಾಫಿ ಸಿಹಿ ಇರುತ್ತೆ, ನಾಯಿಗೆ ಇಷ್ಟ ಆಗುತ್ತೆ, ಚುಕ್ಕಿಗಂತೂ ಗಿಡದ ಕೆಳಗಿನ ಹಣ್ಣು ಅಂದ್ರೆ ಪ್ರಾಣ. ಆದ್ರೆ ಕೆಫೀನ್ ನಾಯಿಗೆ ವಿಷ, ಒಂದೆರಡು ಹಣ್ಣಿಗೆ ಗಾಬರಿ ಬೇಡ, ಮೂಟೆ ಪಕ್ಕ ನಿಂತು ಗಬಗಬ ತಿಂದು ಆಮೇಲೆ ನಿಂತಲ್ಲಿ ನಿಲ್ಲದೆ ಏದುಸಿರು, ವಾಂತಿ, ನಡುಕ ಶುರು ಆದ್ರೆ ತಕ್ಷಣ ಡಾಕ್ಟ್ರ ಹತ್ರ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್) ನೀರಿನ ಗುಂಡಿಗಳು ಹುಳಿ ವಾಸನೆ ಹೊಡೀತಿರ್ತವೆ, ನಾಯಿಗೆ ಆ ವಾಸನೆ ಪರಿಮಳ, ಅತ್ತ ಬಿಡ್ಬೇಡಿ.

ಎಲ್ಲದಕ್ಕಿಂತ ನಂಗೆ ಭಯ ಕೃಷಿ ಹೊಂಡ. ಸ್ಪ್ರಿಂಕ್ಲರಿಗೆ ಅಂತ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ, ಈಜು ಬರೋ ಲ್ಯಾಬ್ರಡಾರ್ ಖುಷಿಯಿಂದ ಹಾರುತ್ತೆ, ವಾಪಸ್ ಹತ್ತಕ್ಕೆ ಹೋದ್ರೆ ಉಗುರಿಗೆ ಏನೂ ಸಿಗಲ್ಲ, ಜಾರಿ ಜಾರಿ ಸುಸ್ತಾಗುತ್ತೆ. ನೀವು ಇಳಿದ್ರೂ ಅದೇ ಕತೆ. ದಡದಲ್ಲಿ ಹಗ್ಗ ಇದ್ಯಾ ನೋಡಿ, ಇಲ್ಲ ಅಂದ್ರೆ ಹೊಂಡದ ಹತ್ರ ಹೋಗೋದೇ ಬೇಡ. ಐಬೆಕ್ಸ್ ಬೇಲಿ (ಕರೆಂಟ್ ಬೇಲಿ) ಯಾವ ಕಡೆ ಇದೆ, ಕಾಡುಹಂದಿಗೆ ಉರುಳು ಇಡೋ ಅಭ್ಯಾಸ ಅಕ್ಕಪಕ್ಕ ಯಾರಿಗಾದ್ರೂ ಇದ್ಯಾ ಅಂತ ಮೇಸ್ತ್ರಿನ ಕೇಳಿದ್ರೆ ನಿಜ ಹೇಳ್ತಾರೆ. ಮುಧೋಳ ನಾಯಿ ಇರೋರಿಗೆ ವಿಶೇಷವಾಗಿ ಹೇಳ್ತಿದೀನಿ, ಒಂದು ಮೊಲನೋ ಕಾಡುಕೋಳಿನೋ ಎದ್ರೆ ಅದು ಕಣ್ಣಿಗೆ ಕಂಡಷ್ಟು ದೂರ ಓಡೋ ತಳಿ, ಕರೆದ್ರೆ ಬರಲ್ಲ, ಉದ್ದ ಹಗ್ಗ ಬಿಟ್ಟು ಬೇರೆ ದಾರಿ ಇಲ್ಲ.

ಆನೆ ವಿಷಯಕ್ಕೆ ಬಂದ್ರೆ ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟಗಳಲ್ಲಿ ಓಡಾಟ ಜಾಸ್ತಿ, ಮೂಡಿಗೆರೆ ಆಲ್ದೂರು ಕಡೆನೂ ಇದೆ, ಈ ಕಡೆ ಇಲ್ಲವೇ ಇಲ್ಲ ಅಂತ ಯಾರೂ ಹೇಳಕ್ಕಾಗಲ್ಲ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಲ್ಲಿ ಕಾಡಾನೆ ಕಾರ್ಯಾಚರಣೆಲಿ ಪ್ರಾಣ ಬಿಟ್ಟಿದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆನೇ. ನಾಯಿ ಆನೆ ಕಂಡ್ರೆ ಬೊಗಳಿ ಕೆಣಕುತ್ತೆ, ಆನೆ ತಿರುಗಿದ್ರೆ ಓಡಿ ಬರೋದು ನಿಮ್ಮ ಹತ್ರಕ್ಕೇ, ಹಿಂದೆನೇ ಆನೆ. ಅದಕ್ಕೆ ಬೆಳಿಗ್ಗೆ ವಾಕ್ ಹೊರಡೋ ಮುಂಚೆ ಮನೆಯವ್ರನ್ನ 'ಇವತ್ತು ಆನೆ ಯಾವ ಕಡೆ ಇದೆ' ಅಂತ ಕೇಳಿ, ಊರಿನ ವಾಟ್ಸಾಪ್ ಗುಂಪಲ್ಲಿ ಬಂದಿರುತ್ತೆ. ಬೆಳಕಾಗಿ ಬಿಸಿಲು ಬಿದ್ದ ಮೇಲೆ ಹೊರಡಿ, ಸಂಜೆ ಐದೂವರೆ ಒಳಗೆ ವಾಪಸ್. ಯಜಮಾನ್ರು ಅಲ್ಲೇ ವಾಸ ಇರೋ ಮನೆ ನೋಡಿ ಅಂತ ಶುರುಲಿ ಹೇಳಿದ್ದು ಇದಕ್ಕೇನೇ, ಬೆಂಗ್ಳೂರಲ್ಲಿ ಕೂತ ಬುಕಿಂಗ್ ಆಫೀಸಿಗೆ ಇವತ್ತಿನ ಆನೆ ಗೊತ್ತಿರಲ್ಲ.

ಕೊನೇದು ಉಣ್ಣಿ. ಹೊರಡೋ ಮುಂಚೆ ಡಾಕ್ಟ್ರನ್ನ ಕೇಳಿ ಉಣ್ಣಿ ಮಾತ್ರೆ ಕೊಟ್ಟಿರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಹೋಗೋದಾದ್ರೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆ ಕಾಲ, ಅದು ಮನುಷ್ಯರಿಗೆ ಬರೋದು ಕಾಡಿನ ಉಣ್ಣಿ ಕಚ್ಚಿ, ನಾಯಿ ಮೈ ಮೇಲೆ ಹತ್ತಿ ಬಂದ ಉಣ್ಣಿ ನಿಮ್ಮ ಹಾಸಿಗೆಗೂ ಬರ್ಬೋದು, ಮಂಗ ಸತ್ತಿದೆ ಅಂದ ಜಾಗದ ಕಡೆ ತಲೆನೂ ಹಾಕ್ಬೇಡಿ. ದಿನಾ ಸಂಜೆ ಕಿವಿ ಒಳಗೆ, ಕಾಲ್ಬೆರಳ ಸಂದಿ, ಬಾಲದ ಬುಡ, ಬೆಲ್ಟಿನ ಕೆಳಗೆ ಕೈ ಆಡಿಸಿ ನೋಡಿ. ಊರಿಗೆ ವಾಪಸ್ ಬಂದು ಎರಡು ಮೂರು ವಾರದೊಳಗೆ ನಾಯಿ ಊಟ ಬಿಟ್ರೆ, ಮೈ ಬಿಸಿ ಆದ್ರೆ, ಒಸಡು ಬಿಳಚಿಕೊಂಡ್ರೆ, ಮಲೆನಾಡಿಗೆ ಹೋಗಿದ್ವಿ ಅಂತ ಡಾಕ್ಟ್ರಿಗೆ ಮೊದ್ಲೇ ಹೇಳಿ, ಉಣ್ಣಿ ಜ್ವರಕ್ಕೆ ರಕ್ತ ಪರೀಕ್ಷೆ ಅವತ್ತೇ ಮಾಡಿಸಿ.